ಕಿಲ್ವಾದ ಹವಳಗಲ್ಲಿನ ಮಸೀದಿ

1505ರ ಅಕ್ಟೋಬರಿನಲ್ಲಿ ಪೋರ್ಚುಗೀಸರ ಹಡಗುಪಡೆಯೊಂದು ಶರಾವತಿಯ ಅಳಿವೆಯ ಹೊನ್ನಾವರದ ಮೇಲೆ ಬಿದ್ದು ಹಡಗುಗಳಿಗೂ ಊರಿಗೂ ಬೆಂಕಿಯಿಟ್ಟಿತು. ನಮ್ಮ ಕರಾವಳಿಯ ಚರಿತ್ರೆ ಓದಿದವರಿಗೆ ಈ ಸಂಗತಿ ಹೊಸದಲ್ಲ. ಪಡೆಯ ನಾಯಕ ಫ್ರಾನ್ಸಿಸ್ಕೋ ದ ಅಲ್ಮೇಡ. ಅದಕ್ಕೆ ತಿಂಗಳು ಮೊದಲು ಆತ ಕಾರವಾರದ ಎದುರಿನ ಅಂಜುದೀವದಲ್ಲಿ ಕೋಟೆ ಎಬ್ಬಿಸತೊಡಗಿದ್ದ. ನಮ್ಮ ಪುಸ್ತಕಗಳಲ್ಲಿ ಅವನ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಆದರೆ ಅವನ ಹಡಗುಗಳು ಅಂಜುದೀವಕ್ಕೆ ಬರುವಾಗಲೇ ಲೂಟಿಯ ಮಾಲನ್ನು ಹೊತ್ತಿದ್ದವು. ಆಗಸ್ಟಿನಲ್ಲಿ ಮೊಂಬಾಸಾ ಉರಿದಿತ್ತು. ಅದಕ್ಕೂ ಮುಂಚೆ, ಜುಲೈ 24ರಂದು, ಆಫ್ರಿಕಾದ ಪೂರ್ವ ಕರಾವಳಿಯ ಕಿಲ್ವಾ ಎಂಬ ದ್ವೀಪನಗರ ಸೂರೆಹೋಗಿತ್ತು.

ಕಿಲ್ವಾಕ್ಕೂ ಹೊನ್ನಾವರಕ್ಕೂ ಇನ್ನೊಂದು ನಂಟಿದೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಎರಡೂ ಊರುಗಳನ್ನು ಕಂಡು ಮೆಚ್ಚಿದವನು. ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆಗಳೂ ಹುಡುಗರಿಗೆ 23 ಶಾಲೆಗಳೂ ಇದ್ದುದನ್ನು ಬರೆದಿಟ್ಟವನು ಅವನೇ. 1331ರಲ್ಲಿ ಕಿಲ್ವಾಕ್ಕೆ ಹೋಗಿದ್ದಾಗ, ಅದು ತಾನು ಕಂಡ ಅತಿ ಸುಂದರ ಊರುಗಳಲ್ಲೊಂದು ಎಂದಿದ್ದ. ಒಂದೇ ಕಡಲಿನ ಎರಡು ದಡಗಳನ್ನು ಹೀಗೆ ಒಬ್ಬ ಹೊಗಳಿದ, ಒಂದೂಮುಕ್ಕಾಲು ಶತಮಾನದೊಳಗೆ ಇನ್ನೊಬ್ಬ ಹಾಳುಗೆಡವಿದ. ಬತೂತ ಕಂಡ ಹೊನ್ನಾವರದ ಗುರುತುಗಳನ್ನು ಇಂದು ಹುಡುಕುವುದು ಕಷ್ಟ. ಕಿಲ್ವಾದಲ್ಲಿ ಮಾತ್ರ ಆ ಕಾಲದ ಜುಮ್ಮಾ ಮಸೀದಿ ಅರ್ಧ ಕುಸಿದು, ಅರ್ಧ ನಿಂತು ಉಳಿದಿದೆ.

ಇಂದಿನ ಟಾಂಜಾನಿಯಾದ ದಕ್ಷಿಣ ಕರಾವಳಿಗೆ ಅಂಟಿಕೊಂಡಂತಿರುವ ಪುಟ್ಟ ದ್ವೀಪವನ್ನು ಅಲ್ಲಿಯವರು ಕಿಲ್ವಾ ಕಿಸಿವಾನಿ ಎನ್ನುತ್ತಾರೆ. ಸ್ವಾಹಿಲಿ ಜನರ ಊರು. ಹೇಳಿಕೊಳ್ಳುವಂಥ ನದಿಯಿಲ್ಲ, ಗದ್ದೆಬಯಲಿಲ್ಲ. ಆದರೂ ಅಲ್ಲೊಂದು ಸಾಮ್ರಾಜ್ಯ ಬೆಳೆದದ್ದು ಗಾಳಿಯ ದಯೆಯಿಂದ. ನಮ್ಮಲ್ಲಿ ಮಳೆ ತರುವ ಮುಂಗಾರಿನ ಗಾಳಿಯೇ ಅಲ್ಲಿ ಹಡಗುಗಳನ್ನು ಉತ್ತರಕ್ಕೆ, ಅರೇಬಿಯಾ ಮತ್ತು ಭಾರತದ ಕಡೆಗೆ ತಳ್ಳುವ 'ಕೂಸಿ'. ನಮ್ಮ ಚಳಿಗಾಲದ ಈಶಾನ್ಯದ ಗಾಳಿ ಅಲ್ಲಿ 'ಕಸ್ಕಾಝಿ', ಆಚೆಯ ಹಾಯಿಗಳನ್ನು ಆಫ್ರಿಕಾಕ್ಕೆ ಕರೆತರುವ ಗಾಳಿ. ಒಂದು ಋತುವಿನಲ್ಲಿ ಹೊರಟ ವರ್ತಕ ಮುಂದಿನ ಗಾಳಿಗೆ ಮನೆ ಮುಟ್ಟಬೇಕಾದರೆ ಕಿಲ್ವಾದ ಸುತ್ತಮುತ್ತಲೇ ನಿಲ್ಲಬೇಕು. ಅದನ್ನು ದಾಟಿ ತೆಂಕಕ್ಕೆ ಹೋದರೆ ಆ ವರ್ಷದ ಮರುಪಯಣ ತಪ್ಪೀತು. ಬಂಗಾರವಿದ್ದದ್ದು ಇನ್ನೂ ತೆಂಕಕ್ಕೆ. ಜಿಂಬಾಬ್ವೆಯ ಪ್ರಸ್ಥಭೂಮಿಯ ಹೊನ್ನು ಸೋಫಾಲಾ ಬಂದರಿಗೆ ಇಳಿದು, ಕಿಲ್ವಾದವರ ದೋಣಿಗಳಲ್ಲಿ ಉತ್ತರಕ್ಕೆ ಬರುತ್ತಿತ್ತು. ಅದರೊಂದಿಗೆ ಆನೆಯ ದಂತ. ಬದಲಿಗೆ ಗುಜರಾತಿನ ಬಟ್ಟೆ, ಗಾಜಿನ ಮಣಿ, ಚೀನಾದ ಪಿಂಗಾಣಿ. ಕಿಲ್ವಾದ ಸುಲ್ತಾನ ಟಂಕಿಸಿದ ತಾಮ್ರದ ನಾಣ್ಯವೊಂದು ಗ್ರೇಟ್ ಜಿಂಬಾಬ್ವೆಯ ಪಾಳುಗಳಲ್ಲಿ ಸಿಕ್ಕಿದೆ. ಇನ್ನು ಕೆಲವು ನಾಣ್ಯಗಳು 1944ರಲ್ಲಿ ಆಸ್ಟ್ರೇಲಿಯಾದ ಉತ್ತರದ ವೆಸೆಲ್ ದ್ವೀಪಗಳ ಮರಳಿನಲ್ಲಿ ಕಾಣಿಸಿಕೊಂಡವು. ಅವು ಅಲ್ಲಿಗೆ ಹೇಗೆ ಬಂದವೆಂಬ ತರ್ಕ ಇಂದಿಗೂ ಮುಗಿದಿಲ್ಲ.

ಈ ಸಂಪತ್ತಿನ ನಡುವೆ ಎದ್ದ ಮಸೀದಿಯನ್ನು ನೋಡುವಾಗ ಕಣ್ಣು ಸಹಜವಾಗಿ ಕಮಾನುಗಳ ಮೇಲೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಅದರ ಚರಿತ್ರೆಯೆಲ್ಲ ಇರುವುದು ಛಾವಣಿಯಲ್ಲಿ. ತಲೆಯ ಮೇಲೆ ಏನನ್ನು ಹೊದಿಸಬೇಕು, ಅದನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂಬ ಒಂದೇ ಪ್ರಶ್ನೆಯೊಂದಿಗೆ ಕಿಲ್ವಾದ ಜನ ನಾಲ್ಕು ಶತಮಾನ ಗುದ್ದಾಡಿದ್ದಾರೆ.

ಮೊದಲ ಉತ್ತರ ಕಟ್ಟಡದ ಉತ್ತರ ಭಾಗದಲ್ಲಿದೆ. 11 ಅಥವಾ 12ನೇ ಶತಮಾನದ ಈ ಪ್ರಾರ್ಥನಾ ಮಂದಿರ ದೊಡ್ಡದಲ್ಲ. ಮೂರು ಸಾಲಿನಲ್ಲಿ ಮೂರು ಮೂರು, ಒಟ್ಟು ಒಂಬತ್ತು ಕಂಬ. ಅವುಗಳ ನಡುವೆ ಹದಿನಾರು ಅಂಕಣ. ಮೇಲೆ ಸಪಾಟು ತಾರಸಿ. ಅರಬ್ ದೇಶಗಳ ಹಳೆಯ ಮಸೀದಿಗಳಲ್ಲಿ ಕಾಣುವ ಬಯಲಂಗಳ ಇಲ್ಲಿಲ್ಲ, ಇಡೀ ಮಂದಿರಕ್ಕೆ ಸೂರುಂಟು. ಸುಡುಬಿಸಿಲೂ ಜಡಿಮಳೆಯೂ ಇರುವ ನೆಲದಲ್ಲಿ ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುವುದು ಎಂಥ ಕಷ್ಟವೆಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮಾಜಿನ ದಿಕ್ಕು ತೋರುವ ಮಿಹ್ರಾಬಿನ ಗೂಡು ಉತ್ತರದ ಗೋಡೆಯಲ್ಲಿದೆ. ನಮ್ಮಲ್ಲಿ ನಮಾಜಿಗೆ ಪಶ್ಚಿಮಕ್ಕೆ ಮುಖ ಮಾಡಿದರೆ, ಅಲ್ಲಿಂದ ಮೆಕ್ಕಾ ಇರುವುದು ಉತ್ತರಕ್ಕೆ.

ಕಟ್ಟಿದ ಸಾಮಗ್ರಿಯೆಲ್ಲ ಕಡಲಿನದೇ. ದ್ವೀಪದ ನೆಲವೇ ಹಳೆಯ ಹವಳದ ದಿಬ್ಬ. ಅಲ್ಲಿನ ಒರಟು ಹವಳಗಲ್ಲನ್ನು ಒಡೆದು ಗೋಡೆಗೆ ತುಂಬಿದರು. ನುಣುಪು ಕೆತ್ತನೆ ಬೇಕಾದ ಮಿಹ್ರಾಬು, ಬಾಗಿಲ ಚೌಕಟ್ಟು, ಕಮಾನಿನ ಅಂಚುಗಳಿಗೆ ಮಾತ್ರ ಬೇರೆ ಕಲ್ಲು: ನೀರಿನಡಿಯಲ್ಲಿ ಜೀವಂತವಿರುವ ಪೊರೈಟೀಸ್ ಜಾತಿಯ ಹವಳ. ನೀರಿನಿಂದ ಎತ್ತಿದ ಹೊಸತರಲ್ಲಿ ಅದು ಮೆತ್ತಗಿರುತ್ತದೆ, ಉಳಿಗೆ ಸಲೀಸಾಗಿ ಒಗ್ಗುತ್ತದೆ. ಗಾಳಿ ತಾಗಿ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ದಕ್ಷಿಣ ಕನ್ನಡದ ಮುರಕಲ್ಲಿನ, ಉತ್ತರ ಕನ್ನಡದ ಚಿರೇಕಲ್ಲಿನ ಗುಣವೂ ಇದೇ ಅಲ್ಲವೇ? ಹಸಿಯಿದ್ದಾಗ ಕೊಡಲಿಗೆ ಬಗ್ಗುವ ಕಲ್ಲು, ಬಿಸಿಲುಂಡ ಮೇಲೆ ಮನೆ ಹೊರುತ್ತದೆ. ಗಾರೆಗೂ ಹವಳವೇ. ಮರದ ದಿಮ್ಮಿಗಳನ್ನು ವೃತ್ತಾಕಾರದಲ್ಲಿ ಒಟ್ಟಿ, ಮೇಲೆ ಹವಳದ ಚೂರುಗಳನ್ನು ರಾಶಿ ಹಾಕಿ ಸುಟ್ಟರೆ ಸುಣ್ಣ. ಕಲ್ಲೂ ಸುಣ್ಣವೂ ಒಂದೇ ಮೂಲದವಾದ್ದರಿಂದ ಅವುಗಳ ಬೆಸುಗೆ ಬಲವಾದದ್ದು.

ಮರವಂತೂ ಕಾಂಡ್ಲಾ ಕಾಡಿನದು. ಉಪ್ಪುನೀರಿನಲ್ಲಿ ಬೆಳೆಯುವ ಈ ಮರಗಳ ನೆಟ್ಟನೆಯ ಗಳುಗಳು ಗಟ್ಟಿಮುಟ್ಟು. ಆದರೆ ತಾರಸಿಯ ತೂಕ ಹೊರಬೇಕಾದಾಗ ಎರಡೂವರೆ, ಮೂರು ಮೀಟರಿಗಿಂತ ದೂರಕ್ಕೆ ಹಾಯಿಸುವುದು ಕಷ್ಟ. ಸ್ವಾಹಿಲಿ ಕರಾವಳಿಯ ಹಳೆಯ ಮನೆಗಳ ಕೋಣೆಗಳೆಲ್ಲ ಉದ್ದವಾಗಿ, ಅಗಲ ಕಿರಿದಾಗಿರುವುದು ಈ ಕಾರಣಕ್ಕೇ. ಮಸೀದಿಯಲ್ಲಿ ಸಾಲುಸಾಲಾಗಿ ಕಂಬಗಳನ್ನು ನೆಟ್ಟದ್ದೂ ಅದಕ್ಕೇ. ಯಾವ ಶಿಲ್ಪಿಯ ಅಭಿರುಚಿಗಿಂತಲೂ ಮೊದಲು ಕಾಂಡ್ಲಾದ ಗಳುವೇ ಇಲ್ಲಿನ ಅಂಕಣದ ಅಳತೆಯನ್ನು ನಿರ್ಧರಿಸಿತ್ತು.

ಈ ಅಳತೆಯನ್ನು ಮೀರಬೇಕೆಂಬ ಹಂಬಲ ಹುಟ್ಟಿದ್ದು 14ನೇ ಶತಮಾನದ ಆರಂಭದಲ್ಲಿ, ಸುಲ್ತಾನ್ ಅಲ್-ಹಸನ್ ಇಬ್ನ್ ಸುಲೈಮಾನನ ಕಾಲದಲ್ಲಿ. ಸುಮಾರು 1310ರಿಂದ 1333ರವರೆಗೆ ಆಳಿದ ಆತನ ಬೊಕ್ಕಸಕ್ಕೆ ಸೋಫಾಲಾದ ಬಂಗಾರ ಹರಿದುಬರುತ್ತಿತ್ತು. ದ್ವೀಪದ ಎತ್ತರದ ದಂಡೆಯ ಮೇಲೆ ಹುಸುನಿ ಕುಬ್ವಾ ಎಂಬ ಅರಮನೆ ಕಟ್ಟಿಸಿದವನು ಆತನೇ. ನೂರಕ್ಕೂ ಹೆಚ್ಚು ಕೋಣೆಗಳು, ಕಡಲಿಗೆ ಮುಖಮಾಡಿದ ಎಂಟು ಮೂಲೆಯ ಈಜುಕೊಳ. ಜುಮ್ಮಾ ಮಸೀದಿಯನ್ನು ಆತ ದಕ್ಷಿಣಕ್ಕೆ ಹಲವು ಪಟ್ಟು ಹಿಗ್ಗಿಸಿದ. ಸಪಾಟು ತಾರಸಿಯ ಬದಲು ಗುಮ್ಮಟಗಳೂ ಕಮಾನುಮಾಡುಗಳೂ ಬಂದವು. ಅವುಗಳನ್ನು ಹೊರಲು ಒಂದೊಂದನ್ನೂ ಇಡಿಯಾಗಿ ಹವಳದಲ್ಲೇ ಕೊರೆದ ಕಂಬಗಳು. ಪಕ್ಕದಲ್ಲೇ ದೊಡ್ಡ ಗುಮ್ಮಟದ ಒಂದು ಕೋಣೆ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಗುಮ್ಮಟ 19ನೇ ಶತಮಾನದವರೆಗೂ ಏಳಲಿಲ್ಲ ಎನ್ನುತ್ತಾರೆ ವಾಸ್ತುಶಾಸ್ತ್ರದ ವಿದ್ವಾಂಸರು.

ಇಬ್ನ್ ಬತೂತ ಕಂಡದ್ದು ಈ ಸುಲ್ತಾನನನ್ನೇ. ಆತನ ಕೊಡುಗೈಗೆ ಜನ ಇಟ್ಟ ಹೆಸರು ಅಬುಲ್ ಮವಾಹಿಬ್, ಅಂದರೆ ದಾನಗಳ ತಂದೆ. ಒಂದು ಶುಕ್ರವಾರ ನಮಾಜು ಮುಗಿಸಿ ಹೊರಬರುತ್ತಿದ್ದ ಸುಲ್ತಾನನನ್ನು ಯೆಮನ್ನಿನ ಫಕೀರನೊಬ್ಬ ಅಡ್ಡಗಟ್ಟಿ, ನೀನು ಉಟ್ಟ ಬಟ್ಟೆ ನನಗೆ ಬೇಕು ಎಂದನಂತೆ. ಈಗಲೇ ಬೇಕೆ ಎಂದು ಕೇಳಿದ ಸುಲ್ತಾನ ಒಳಗೆ ಹೋಗಿ ಬೇರೆ ಬಟ್ಟೆ ತೊಟ್ಟು, ಮೊದಲಿನದನ್ನು ಕೊಟ್ಟುಬಿಟ್ಟ. ಅಪ್ಪನ ಉಡುಪು ಪರರ ಪಾಲಾಗಬಾರದೆಂದು ಮಗ ಅದನ್ನು ಫಕೀರನಿಂದ ಬಿಡಿಸಿಕೊಂಡ. ಬದಲಿಗೆ ಕೊಟ್ಟದ್ದು ಹತ್ತು ಗುಲಾಮರನ್ನು. ಜನ ಹೊಗಳಿದ್ದು ಕೇಳಿ ಸುಲ್ತಾನ ಇನ್ನೂ ಹತ್ತು ಗುಲಾಮರನ್ನೂ ಎರಡು ಹೊರೆ ದಂತವನ್ನೂ ಸೇರಿಸಿದ. ಬತೂತ ಇದನ್ನು ಔದಾರ್ಯದ ಕಥೆಯಾಗಿಯೇ ಹೇಳುತ್ತಾನೆ. ಇಂದು ಓದುವಾಗ ಆ ಇಪ್ಪತ್ತು ಮಂದಿ ಮನಸ್ಸನ್ನು ಬಿಡುವುದಿಲ್ಲ. ಅವರ ಹೆಸರು ಯಾರೂ ಬರೆದಿಡಲಿಲ್ಲ. ಈ ಸುಲ್ತಾನ ಒಳನಾಡಿನ ಮೇಲೆ ಆಗಾಗ ದಾಳಿ ಮಾಡುತ್ತಿದ್ದನೆಂದೂ ಬತೂತನೇ ಬರೆದಿದ್ದಾನೆ. ಮಸೀದಿಯ ಚೆಲುವನ್ನು ಕೊಂಡಾಡುವವರು ಈ ಪುಟವನ್ನು ಮಗುಚಿ ಮುಂದೆ ಹೋಗಬಾರದು.

ಆ ಮಹತ್ವಾಕಾಂಕ್ಷೆಯ ಛಾವಣಿ ಬಹುಕಾಲ ನಿಲ್ಲಲಿಲ್ಲ. ಅದೇ ಶತಮಾನದಲ್ಲಿ ಕುಸಿಯಿತು. ಒಂದೇ ಕಲ್ಲಿನ ನೀಳ ಹವಳದ ಕಂಬ ನೋಡಲು ಚೆಂದ, ಆದರೆ ಗುಮ್ಮಟ ಬರೀ ತೂಕ ಹೇರುವುದಿಲ್ಲ, ಪಕ್ಕಕ್ಕೂ ಒತ್ತುತ್ತದೆ. ಆ ಒತ್ತಡಕ್ಕೆ ತೆಳುಕಂಬ ಜಗ್ಗುವುದು ಸಹಜ. ಕಿಲ್ವಾದ ಹಳೆಯ ವೃತ್ತಾಂತದ ಪ್ರಕಾರ, ಬಹುಕಾಲ ಜನ ಡೇರೆಗಳ ಕೆಳಗೆ ಶುಕ್ರವಾರದ ನಮಾಜು ಮಾಡಿದರು. ಬಂಗಾರದ ಊರಿನ ಮಸೀದಿಯೊಂದು ತಲೆಮಾರುಗಳ ಕಾಲ ಹಾಗೆಯೇ ಪಾಳುಬಿದ್ದಿತ್ತು.

ಮತ್ತೆ ಎದ್ದದ್ದು 15ನೇ ಶತಮಾನದ ಮೊದಲರ್ಧದಲ್ಲಿ, ಸುಲ್ತಾನ್ ಸುಲೈಮಾನ್ ಇಬ್ನ್ ಮುಹಮ್ಮದನ ಕಾಲದಲ್ಲಿ. ವೃತ್ತಾಂತ ಇಲ್ಲೊಂದು ಪ್ರಸಂಗ ಹೇಳುತ್ತದೆ. ಹಾಜಿಯೊಬ್ಬ ತನ್ನ ಸ್ವಂತ ಹಣದಿಂದ ಮಸೀದಿಯನ್ನು ಮರಳಿ ಕಟ್ಟುತ್ತೇನೆಂದು ಸುಲ್ತಾನನ ಅಪ್ಪಣೆ ಕೇಳಿದ. ನನ್ನ ಹಣ ತೆಗೆದುಕೊಂಡರೆ ಮಾತ್ರ ಅಪ್ಪಣೆ ಎಂದು ಸುಲ್ತಾನ ಸಾವಿರ ಮಿಸ್ಕಾಲ್ ಬಂಗಾರ ಕೊಟ್ಟ. ಹಾಜಿ ಅದನ್ನು ಪಡೆದು ಬದಿಗಿಟ್ಟು, ತನ್ನದನ್ನೇ ಖರ್ಚು ಮಾಡಿ ಕೆಲಸ ಮುಗಿಸಿದ. ಸುಲ್ತಾನ ತೀರಿಕೊಂಡ ಮೇಲೆ ಅಷ್ಟೂ ಬಂಗಾರವನ್ನು ಅವನ ವಾರಸುದಾರರಿಗೆ ಹಿಂದಿರುಗಿಸಿದ. ನಡೆದದ್ದು ಹೀಗೆಯೇ ಇರಲಿ, ಇಲ್ಲದಿರಲಿ, ಊರು ತನ್ನ ಮಸೀದಿಯ ಬಗ್ಗೆ ಯಾವ ಕಥೆಯನ್ನು ನೆನಪಿಟ್ಟುಕೊಳ್ಳಬಯಸಿತು ಎಂಬುದು ನನಗೆ ಮುಖ್ಯ. ಅರಸನಿಗಿಂತ ಹಾಜಿಯ ಹಟ ಅವರಿಗೆ ದೊಡ್ಡದಾಗಿ ಕಂಡಿದೆ.

ಈ ಸಲ ಕಟ್ಟುವವರು ಪಾಠ ಕಲಿತಿದ್ದರು. ಇಡಿಗಲ್ಲಿನ ಕಂಬಗಳನ್ನು ಕೈಬಿಟ್ಟು, ಹವಳಗಲ್ಲಿನ ಚೂರುಗಳನ್ನು ಗಾರೆಯಲ್ಲಿ ಕಟ್ಟಿ ದಪ್ಪನೆಯ ಎಂಟುಮೂಲೆಯ ಕಂಬಗಳನ್ನು ಎಬ್ಬಿಸಿದರು. ಅಗಲಕ್ಕೆ ಐದು, ಉದ್ದಕ್ಕೆ ಆರು, ಹೀಗೆ ಮೂವತ್ತು ಅಂಕಣ. ಮೇಲೆ ಗುಮ್ಮಟವೊಂದು, ಕಮಾನುಮಾಡೊಂದು ಎಂಬಂತೆ ಎರಡೂ ಬೆರೆತ ಛಾವಣಿ. ಕೆಲವು ಗುಮ್ಮಟಗಳ ಒಳಮೈಯಲ್ಲಿ ಚೀನಾದ ಪಿಂಗಾಣಿಯನ್ನು ಗಾರೆಗೆ ಒತ್ತಿ ಕೂರಿಸಿದ್ದರು. ತಲೆಯೆತ್ತಿದರೆ ಮಂದ ಬೆಳಕಿನಲ್ಲಿ ಅದು ಮಿನುಗುತ್ತಿದ್ದಿರಬೇಕು. ಇಂದು ದಕ್ಷಿಣ ಭಾಗದಲ್ಲಿ ನಿಂತಿರುವುದು ಬಹುಪಾಲು ಈ ಕಾಲದ ಕೆಲಸ. ಬೋಳು ಗೋಡೆ, ಚೂಪು ತುದಿಯ ಕಮಾನುಗಳು, ಬುಡ ದಪ್ಪಗಿರುವ ಕಂಬಗಳು. ಅಲಂಕಾರ ಬಹಳ ಕಡಿಮೆ. ಒಂದರ ಹಿಂದೊಂದು ಸಾಗುವ ಕಮಾನುಗಳ ಲಯದಲ್ಲೇ ಅದರ ಚೆಲುವಿದೆ. ಬಿಜಾಪುರದ ಕಮಾನುಗಳನ್ನು ಕಂಡ ಕಣ್ಣಿಗೆ ಇದು ಬಡವಾಗಿ ಕಾಣಬಹುದು. ಆದರೆ ಕಪ್ಪುಗಲ್ಲಿನ ದಖ್ಖನ್ ಎಲ್ಲಿ, ರಂಧ್ರ ತುಂಬಿದ ಹವಳ ಎಲ್ಲಿ! ಸಿಕ್ಕ ಸಾಮಗ್ರಿಯ ಮಿತಿಯೊಳಗೆ ಅಷ್ಟು ದೂರ ಹೋದದ್ದಕ್ಕೆ ನಾನಂತೂ ತಲೆಬಾಗುತ್ತೇನೆ.

1505ರಲ್ಲಿ ಅಲ್ಮೇಡನ ಪಡೆಯೊಂದಿಗಿದ್ದ ಹಾನ್ಸ್ ಮೈರ್ ಎಂಬ ಜರ್ಮನ್ ಬರೆಹಗಾರ ಈ ಛಾವಣಿಯನ್ನು ಇಡಿಯಾಗಿ ಕಂಡಿದ್ದ. ಊರಿನಲ್ಲಿ ಗುಮ್ಮಟದ ಮಸೀದಿಗಳು ಹಲವು, ಅವುಗಳಲ್ಲೊಂದು ಸ್ಪೇನಿನ ಕೊರ್ಡೋಬಾದ ಮಸೀದಿಯ ಹಾಗಿದೆ ಎಂದು ಅವನ ಟಿಪ್ಪಣಿಯಲ್ಲಿದೆ. ಯುರೋಪಿನವನೊಬ್ಬ ತಾನು ಬಲ್ಲ ಅತಿ ಭವ್ಯ ಮಸೀದಿಯ ಹೆಸರನ್ನೇ ಎತ್ತಿದ, ಅದೂ ಊರು ಸೂರೆಯಾಗುತ್ತಿದ್ದ ಹೊತ್ತಿನಲ್ಲಿ. ಇದಕ್ಕೆ ಮೂರು ವರ್ಷ ಮೊದಲು, 1502ರಲ್ಲಿ, ವಾಸ್ಕೋ ಡ ಗಾಮಾ ಕಿಲ್ವಾದ ಅಮೀರ್ ಇಬ್ರಾಹಿಮನನ್ನು ಹೆದರಿಸಿ ಕಪ್ಪ ಕಿತ್ತಿದ್ದ. ಆ ಬಂಗಾರದಿಂದ 1506ರಲ್ಲಿ ತಯಾರಾದ ಬೆಲೆಂ ಚರ್ಚಿನ ಪವಿತ್ರ ಪಾತ್ರೆ ಈಗ ಲಿಸ್ಬನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಪೋರ್ಚುಗಲ್ಲಿನ ಅಕ್ಕಸಾಲೆ ಕಲೆಯ ಶಿಖರವೆಂದು ಅದನ್ನು ತೋರಿಸುತ್ತಾರೆ.

1505ರ ಸೂರೆಯಲ್ಲಿ ಅಮೀರ್ ಓಡಿಹೋದ ಮೇಲೆ ಅಲ್ಮೇಡ ಪಟ್ಟ ಕಟ್ಟಿದ್ದು ಊರಿನ ಪ್ರಮುಖನಾಗಿದ್ದ ಮುಹಮ್ಮದ್ ಇಬ್ನ್ ರುಕ್ನುದ್ದೀನನಿಗೆ. ವೃತ್ತಾಂತದಲ್ಲಿ ಅವನ ಹೆಸರಿನ ಕೊನೆಗೆ 'ಅಲ್-ದಾಬೂಲಿ' ಎಂದಿದೆ. ಕೊಂಕಣದ ದಾಬೋಳದಿಂದ ಬಂದ ಮನೆತನವಿರಬೇಕು ಎಂಬ ಓದು ಸಮಂಜಸವಾಗಿದೆ. ಬಹಮನಿಗಳ, ಆಮೇಲೆ ಬಿಜಾಪುರದ ಆದಿಲಶಾಹಿಗಳ ಬಂದರು ಅದು. ಮರುವರ್ಷವೇ ಆತನ ಕೊಲೆಯಾಯಿತು. 1508ರ ಡಿಸೆಂಬರಿನಲ್ಲಿ ಇದೇ ಅಲ್ಮೇಡ ದಾಬೋಳವನ್ನೂ ಸುಟ್ಟ. ಕಿಲ್ವಾದಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆಯನ್ನು 1512ರಲ್ಲಿ ಅವರೇ ಬಿಟ್ಟುಹೋದರು. ಬಂಗಾರದ ದಾರಿ ಅಷ್ಟರಲ್ಲಿ ಬೇರೆ ಕೈ ಸೇರಿತ್ತು. 18ನೇ ಶತಮಾನದಲ್ಲಿ ಊರು ಸ್ವಲ್ಪ ಚೇತರಿಸಿಕೊಂಡಿತು, ಆದರೆ ಅದು ಫ್ರೆಂಚರಿಗೆ ಮನುಷ್ಯರನ್ನು ಮಾರಿದ ಹಣದಿಂದ. ಅಲ್ಲಿಂದ ಮುಂದೆ ವ್ಯಾಪಾರವೆಲ್ಲ ಎದುರಿನ ದಡದ ಕಿಲ್ವಾ ಕಿವಿಂಜೆಗೆ ಸರಿಯಿತು. ದ್ವೀಪದ ಹಳೆಯ ಮಸೀದಿಯ ಛಾವಣಿಯಲ್ಲಿ ಮರಗಳು ಬೇರೂರಿದವು.

ಹಾಗಾದರೆ ಈ ಮಸೀದಿ ಯಾರದು? ವೃತ್ತಾಂತದ ಪ್ರಕಾರ, ಪರ್ಷಿಯದ ಶಿರಾಜಿನಿಂದ ಬಂದ ಅಲಿ ಇಬ್ನ್ ಅಲ್-ಹಸನ್ ಎಂಬ ರಾಜಕುಮಾರ ದ್ವೀಪವನ್ನು ಸ್ಥಳೀಯ ನಾಯಕನಿಂದ ಕೊಂಡನಂತೆ. ಬೆಲೆ, ದ್ವೀಪವನ್ನು ಸುತ್ತುವಷ್ಟು ಬಟ್ಟೆ. ವಸಾಹತು ಕಾಲದ ವಿದ್ವಾಂಸರು ಈ ಕಥೆಯನ್ನು ಆತುಕೊಂಡು, ಇವೆಲ್ಲ ಹೊರಗಿನವರು ಆಫ್ರಿಕಾದ ಅಂಚಿನಲ್ಲಿ ನೆಟ್ಟ ಊರುಗಳೆಂದರು. ಆಫ್ರಿಕನ್ನರು ಕಲ್ಲಿನಲ್ಲಿ ಕಟ್ಟಿಯಾರೆಂದು ನಂಬುವುದು ಅವರಿಗೆ ಆಗುತ್ತಿರಲಿಲ್ಲ. 1958ರ ಹೊತ್ತಿಗೆ ಉತ್ಖನನ ಶುರುಮಾಡಿ, 1974ರಲ್ಲಿ ಎರಡು ಸಂಪುಟಗಳ ವರದಿ ಹೊರತಂದ ನೆವಿಲ್ ಚಿಟ್ಟಿಕ್ ಕೂಡ ಹೊರಗಿನವರಿಗೇ ಹೆಚ್ಚಿನ ಪಾಲು ಕೊಟ್ಟವರು. ಆದರೆ ಕಲ್ಲಿನ ಪದರಗಳ ಕೆಳಗೆ ಅವರಿಗೇ ಸಿಕ್ಕಿದ್ದು ಮಣ್ಣು ಮೆತ್ತಿದ ತಟ್ಟಿಗೋಡೆಗಳ ಮನೆ, ಕಬ್ಬಿಣ ಕಾಸಿದ ಕಿಟ್ಟ, ಆ ಕರಾವಳಿಯದೇ ಮಡಕೆಯ ಚೂರು. ಕೀನ್ಯಾದ ಶಾಂಗಾದಲ್ಲಿ ಮಾರ್ಕ್ ಹಾರ್ಟನ್ ನಡೆಸಿದ ಅಗೆತದಲ್ಲಿ 8ನೇ ಶತಮಾನದ ಪುಟ್ಟ ಮರದ ಮಸೀದಿ ಹಂತಹಂತವಾಗಿ ಕಲ್ಲಿನದಾಗಿ ಬೆಳೆದದ್ದು ಒಂದರ ಮೇಲೊಂದು ಪದರವಾಗಿ ಕಂಡಿತು. ಊರು ಅಲ್ಲೇ ಹುಟ್ಟಿ ಬೆಳೆದದ್ದು.

2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಎಳೆ ಸೇರಿಸಿತು. ಕಿಲ್ವಾ, ಅದರ ನೆರೆಯ ಸೊಂಗೋ ಮ್ನಾರಾ ಸೇರಿದಂತೆ ಸ್ವಾಹಿಲಿ ನೆಲದ 80 ಮಂದಿಯ ಹಳೆಯ ಅಸ್ಥಿಗಳ ಡಿಎನ್ಎ ನೋಡಿದಾಗ, ಹಲವರಲ್ಲಿ ತಾಯಂದಿರ ಕಡೆಯದು ಬಹುತೇಕ ಆಫ್ರಿಕದ್ದು. ತಂದೆಯರ ಕಡೆ ಪರ್ಷಿಯದ ಪಾಲು ಗಣನೀಯ, ಜೊತೆಗೆ ಭಾರತದ ಚೂರು. ಬೆರಕೆ ಶುರುವಾದದ್ದು ಸುಮಾರು ಕ್ರಿ.ಶ. 1000ದ ಹೊತ್ತಿಗೆ, ಅಂದರೆ ಕಿಲ್ವಾದ ಈ ಕಲ್ಲಿನ ಮಸೀದಿ ಏಳುವುದಕ್ಕೆ ತುಸು ಮುಂಚೆ. ಶಿರಾಜಿನ ಕಥೆ ಬರೀ ಕಟ್ಟುಕಥೆಯಲ್ಲ. ಹೊರಗಿನವರು ನೆಟ್ಟ ಊರು ಎಂಬ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಬಂದವರು ಅಲ್ಲಿನ ಮನೆಗಳಿಗೆ ಅಳಿಯಂದಿರಾದರು, ಮಕ್ಕಳು ಅಮ್ಮಂದಿರ ಭಾಷೆ ಆಡಿದರು. ಸ್ವಾಹಿಲಿ ಇಂದಿಗೂ ಬಂಟು ಕುಟುಂಬದ ನುಡಿ, ಅರಬ್ಬಿ ಪದಗಳನ್ನು ಎಷ್ಟೇ ತುಂಬಿಕೊಂಡಿದ್ದರೂ. ಗುಮ್ಮಟದ ಕಲ್ಪನೆ ಕಡಲಾಚೆಯಿಂದ ಬಂದಿರಬಹುದು. ಹವಳವನ್ನು ಯಾವ ಹದದಲ್ಲಿ ಕತ್ತರಿಸಬೇಕು, ಕಾಂಡ್ಲಾದ ಗಳು ಎಷ್ಟು ಭಾರ ತಾಳುತ್ತದೆ ಎಂಬ ತಿಳಿವಳಿಕೆ ಆ ದಡದ್ದೇ. ಅದಿಲ್ಲದೆ ಕಲ್ಪನೆ ಕಟ್ಟಡವಾಗುತ್ತಿರಲಿಲ್ಲ.

ಕಿಲ್ವಾ ಮತ್ತು ನೆರೆಯ ಸೊಂಗೋ ಮ್ನಾರಾದ ಪಾಳುಗಳು 1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2004ರಲ್ಲಿ ಅವು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋದವು. ದಂಡೆಯನ್ನು ಅಲೆ ಕೊರೆಯುತ್ತಿತ್ತು, ಮಳೆನೀರು ಗೋಡೆಗಳ ಬುಡ ತೊಳೆಯುತ್ತಿತ್ತು, ಬಿರುಕುಗಳಲ್ಲಿ ಬೇರುಗಳು ಇಳಿದಿದ್ದವು. ದುರಸ್ತಿ, ಕಡಲ್ಕೊರೆತ ತಡೆ, ಕಾಂಡ್ಲಾ ಗಿಡಗಳ ರಕ್ಷಣೆ ನಡೆದು 2014ರಲ್ಲಿ ಆ ಪಟ್ಟಿಯಿಂದ ಹೊರಬಂದವು. ಮಸೀದಿಯ ಉತ್ತರ ಭಾಗಕ್ಕೆ ಸೂರಿಲ್ಲ. ದಕ್ಷಿಣದಲ್ಲಿ ಕೆಲವು ಗುಮ್ಮಟ, ಕಮಾನುಮಾಡು ಉಳಿದಿವೆ.

ಇಂಥ ಕಟ್ಟಡಕ್ಕೆ ಸಿಮೆಂಟು ಶತ್ರು. ಹವಳಗಲ್ಲು ಉಸಿರಾಡುವ ಕಲ್ಲು. ತೇವ ಒಳಬಂದರೆ ಹೊರಹೋಗಲು ದಾರಿ ಬೇಕು. ಸಿಮೆಂಟು ಆ ದಾರಿ ಮುಚ್ಚಿದರೆ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಪುಡಿಮಾಡುತ್ತದೆ. ಹಾಗಾಗಿ ಹಳೆಯ ಸುಣ್ಣದ ಗಾರೆಯೇ ಬೇಕು, ಅದನ್ನು ಹದಮಾಡಬಲ್ಲ ಕೈಗಳೂ ಬೇಕು. ಗೋಡೆಯ ಒರಟು ಕಲ್ಲನ್ನು ಬಿದ್ದ ರಾಶಿಯಿಂದಲೇ ಹೆಕ್ಕಬಹುದು. ಕೆತ್ತನೆಯ ಕಲ್ಲಿನದು ಬೇರೆ ಸಂಕಟ. ಸವೆದ ಚೌಕಟ್ಟಿನ ಜಾಗಕ್ಕೆ ಹೊಸ ಪೊರೈಟೀಸ್ ತರಬೇಕಾದರೆ ಜೀವಂತ ಹವಳದ ದಿಬ್ಬಕ್ಕೆ ಉಳಿ ಹಾಕಬೇಕು. ತೆರೆಗಳ ಹೊಡೆತವನ್ನು ದಡಕ್ಕಿಂತ ಮೊದಲೇ ತಡೆದು ಕಡಲ್ಕೊರೆತವನ್ನು ತಗ್ಗಿಸುವುದು ಅಂಥ ದಿಬ್ಬಗಳೇ.